ಶಿಫ್ಟ್ ಮುಗಿಸಿ ಎಂ.ಟೆಕ್

ಪೀಣ್ಯ ಎರಡನೇ ಹಂತದ ಒಂದು ಗಲ್ಲಿ. ಹಿಂದೆ ಪ್ಲೇಟಿಂಗ್ ಶಾಪು, ಮುಂದೆ ಪವರ್ ಪ್ರೆಸ್ಸು, ನಡುವೆ ನಾನು ಕೆಲಸಕ್ಕಿದ್ದ ಮೆಷಿನ್ ಶಾಪು. ಅಲ್ಲಿ ಡಿಸೈನ್ ಡಿಪಾರ್ಟ್‌ಮೆಂಟ್ ಎಂದರೆ ನಾನೊಬ್ಬನೇ. ಅದರ ಮುಖ್ಯಸ್ಥನೂ ನಾನೇ, ಡ್ರಾಯಿಂಗ್ ಪ್ರಿಂಟ್ ತೆಗೆದು ಮಡಚಿ ಕೆಳಗೆ ಕೊಟ್ಟು ಬರುವವನೂ ನಾನೇ. ಒಂದು ದಿನ ‘ಎಲ್’ ಆಕಾರದ ಒಂದು ಬ್ರಾಕೆಟ್ ಬಂತು. ಅದರ ಒಳಮೂಲೆ ಡ್ರಾಯಿಂಗಿನಲ್ಲಿ ನೆಟ್ಟಗೆ 90 ಡಿಗ್ರಿ. ಕಂಪ್ಯೂಟರಿನಲ್ಲಿ ಅದನ್ನು ಸಣ್ಣ ಸಣ್ಣ ತುಂಡುಗಳ ಬಲೆಯಾಗಿ, ಅಂದರೆ ಮೆಶ್ ಆಗಿ ಒಡೆದು, ಭಾರ ಹೇರಿ ನೋಡಿದೆ. ಮೂಲೆಯಲ್ಲಿ ಸ್ಟ್ರೆಸ್ 180 ಮೆಗಾಪಾಸ್ಕಲ್. ಸಾಧಾರಣ ಉಕ್ಕು 250ರವರೆಗೆ ತಡೆಯುತ್ತದೆ. ಸದ್ಯ, ಪಾಸು.

ಗಿರಾಕಿ ಕಂಪನಿಯವನು ಒಬ್ಬ ‘ಮೆಶ್ ಇನ್ನೂ ಸ್ವಲ್ಪ ಸಣ್ಣದು ಮಾಡಿ ಕಳಿಸಿ’ ಅಂದ. ತುಂಡಿನ ಅಳತೆ ಅರ್ಧ ಮಾಡಿದೆ: 245. ಮತ್ತೆ ಅರ್ಧ: 335. ಮತ್ತೂ ಅರ್ಧ: 460. ಬ್ರಾಕೆಟ್ ಅದೇ, ಭಾರ ಅದೇ, ಉಕ್ಕು ಅದೇ. ನಾನು ಹತ್ತಿರ ಹೋಗಿ ನೋಡಿದಷ್ಟೂ ಅದು ಹೆಚ್ಚು ಹೆಚ್ಚು ನರಳುತ್ತಿತ್ತು. ಮ್ಯಾನೇಜರು ಹೆಗಲ ಮೇಲಿಂದ ಇಣುಕಿ, ‘ಸಾಫ್ಟ್‌ವೇರ್ ಕ್ರ್ಯಾಕ್ ಕಾಪಿ ಕಣಯ್ಯ, ಅದಕ್ಕೇ ಹಿಂಗಾಡ್ತಿದೆ. ಮೊದಲನೇದನ್ನೇ ಕಳಿಸು’ ಅಂದರು. ಕಳಿಸಿದೆ. ಬ್ರಾಕೆಟ್ ಮುರಿಯಲಿಲ್ಲ. ಆದರೆ ಆ ನಾಲ್ಕು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡೆ. ಮುರಿಯದಿದ್ದರೂ ಕಾಡುವ ವಸ್ತುಗಳಿರುತ್ತವೆ.

ಉತ್ತರ ಸಿಕ್ಕಿದ್ದು ಎರಡು ವರ್ಷದ ಮೇಲೆ, ಸಂಜೆಯ ಎಂ.ಟೆಕ್ ಕ್ಲಾಸಿನಲ್ಲಿ. ಆ ಹೊತ್ತಿಗೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಮೂಲೆ ಬರೆದು, ಎಂ. ಎಲ್. ವಿಲಿಯಮ್ಸ್ ಎಂಬಾತ 1952ರಲ್ಲಿ ಮಾಡಿದ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿದರು. ಚೂಪಾದ ಒಳಮೂಲೆಯಲ್ಲಿ, ಗಣಿತದ ಪ್ರಕಾರ, ಸ್ಟ್ರೆಸ್‌ಗೆ ಕೊನೆಯೇ ಇಲ್ಲ, ಅದು ಅನಂತ. ಮೂಲೆಗೆ ಹತ್ತಿರವಾದಷ್ಟೂ ಒಂದು ಗೊತ್ತಾದ ದರದಲ್ಲಿ ಏರುತ್ತಲೇ ಹೋಗುತ್ತದೆ. ಮೂಲೆ 90 ಡಿಗ್ರಿ ಇದ್ದರೆ, ದೂರ ಅರ್ಧವಾದಾಗಲೆಲ್ಲ ಸುಮಾರು 1.37 ಪಟ್ಟು. ನಾನು ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದೆ. 245ನ್ನು 180ರಿಂದ ಭಾಗಿಸಿದೆ: 1.36. 335ನ್ನು 245ರಿಂದ: 1.37. 460ನ್ನು 335ರಿಂದ: 1.37. ನಿದ್ದೆ ಹಾರಿಹೋಯಿತು. ಸಾಫ್ಟ್‌ವೇರ್ ಪಾಪ ಸತ್ಯವನ್ನೇ ಹೇಳುತ್ತಿತ್ತು. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ನನ್ನ 180 ಲೋಹದ ಸಂಖ್ಯೆಯಲ್ಲ, ಮೆಶ್‌ನ ಸಂಖ್ಯೆ.

ಇಷ್ಟು ಪೀಠಿಕೆ ಯಾಕೆಂದರೆ, ಕಳೆದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ್ದ. ಪರಿಚಯದವರ ಮಗ. ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಸೇರಿ, ಈಗ ತುಮಕೂರಿನ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ವಯಸ್ಸು 27. ‘ಸಾರ್, ಎಂ.ಟೆಕ್ ಮಾಡ್ಲಾ ಬೇಡ್ವಾ? ಕೆಲಸ ಬಿಡಕ್ಕಂತೂ ಆಗಲ್ಲ’ ಎಂದ. ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅವನಂಥವರು ತುಂಬ ಜನ ಇದ್ದಾರೆ. ಅದಕ್ಕೇ ಈ ವಾರದ ಅಂಕಣ ಅವನ ಪಾಲಿಗೆ.

ಮೊದಲು ಎಂ.ಟೆಕ್ ಅಂದರೆ ಏನು ಅನ್ನುವುದನ್ನು ನೋಡೋಣ. ಬಿ.ಇ.ಯ ಮುಂದಿನ ಕ್ಲಾಸು ಎಂದು ಬಹಳ ಜನ ತಿಳಿದಿದ್ದಾರೆ. ಬಿ.ಇ.ಯಲ್ಲಿ ನಮಗೆ ಸೂತ್ರ ಕೊಡುತ್ತಾರೆ. ಕರ್ನಾಟಕದಲ್ಲಿ ಮೆಕ್ಯಾನಿಕಲ್ ಓದಿದ ಯಾರನ್ನಾದರೂ ಕೇಳಿ, ಮಹದೇವನ್–ಬಾಲವೀರ ರೆಡ್ಡಿ ಅವರದ್ದೋ ಲಿಂಗಯ್ಯನವರದ್ದೋ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಅವರ ಕೈಯಲ್ಲಿ ಸವೆದಿರುತ್ತದೆ. ತೂತಿರುವ ತಗಡನ್ನು ಎಳೆದರೆ ಎಷ್ಟು ಪಟ್ಟು ಸ್ಟ್ರೆಸ್? ಪುಟ ತೆರೆ, ಗ್ರಾಫ್ ಹುಡುಕು, ಸ್ಕೇಲ್ ಇಟ್ಟು ಓದು, ಗುಣಿಸು. ಪರೀಕ್ಷೆಗೂ ಸಾಕು, ಬಹುಪಾಲು ಕೆಲಸಕ್ಕೂ ಸಾಕು. ಅದನ್ನು ನಾನು ಹೀಯಾಳಿಸುತ್ತಿಲ್ಲ. ಈ ದೇಶದ ಅರ್ಧ ಯಂತ್ರಗಳು ಆ ಗ್ರಾಫುಗಳ ಮೇಲೇ ನಿಂತಿವೆ.

ಎಂ.ಟೆಕ್ ಶುರುವಾಗುವುದು, ಆ ಗ್ರಾಫನ್ನು ಬರೆದವನು ಯಾರು, ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬಲ್ಲಿಂದ. ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ 3 ಪಟ್ಟಾಗುತ್ತದೆ ಎಂದು 1898ರಲ್ಲೇ ಕಿರ್ಶ್ ಎಂಬ ಜರ್ಮನ್ ಎಂಜಿನಿಯರ್ ತೋರಿಸಿದ. 1913ರಲ್ಲಿ ಇಂಗ್ಲಿಸ್ ಎಂಬಾತ ತೂತು ದುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ. ತೂತು ಎಳೆತಕ್ಕೆ ಅಡ್ಡಲಾಗಿ ಚಪ್ಪಟೆಯಾದಷ್ಟೂ ತುದಿಯಲ್ಲಿ ಸ್ಟ್ರೆಸ್ ಏರುತ್ತದೆ. ಪೂರ್ತಿ ಚಪ್ಪಟೆಯಾದರೆ ಅದು ಬಿರುಕು, ಸ್ಟ್ರೆಸ್ ಅನಂತ. ಹಾಗಾದರೆ ಕೂದಲೆಳೆ ಬಿರುಕಿರುವ ಯಾವ ವಸ್ತುವೂ ಒಂದು ಕ್ಷಣ ನಿಲ್ಲಬಾರದಲ್ಲ? ಗಾಜಿನ ಮೇಲೆ ಪ್ರಯೋಗ ಮಾಡಿ 1921ರಲ್ಲಿ ಗ್ರಿಫಿತ್ ಇದಕ್ಕೆ ದಾರಿ ಹುಡುಕಿದ. ತುದಿಯ ಸ್ಟ್ರೆಸ್ ನೋಡಬೇಡಿ, ಬಿರುಕು ಒಂದಿಷ್ಟು ಮುಂದೆ ಹೋದರೆ ಬಿಡುಗಡೆಯಾಗುವ ಶಕ್ತಿ, ಹೊಸ ಮೇಲ್ಮೈ ಹುಟ್ಟಿಸಲು ಬೇಕಾದ ಶಕ್ತಿಗಿಂತ ಹೆಚ್ಚೋ ಕಡಿಮೆಯೋ ನೋಡಿ ಅಂದ. ಬಟ್ಟೆ ಅಂಗಡಿಯವನು ಮೀಟರ್ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಪರ್ರನೆ ಹರಿದುಬಿಡುತ್ತಾನಲ್ಲ, ಅವನಿಗೆ ಈ ಮೂವರ ಹೆಸರೂ ಗೊತ್ತಿಲ್ಲ. ಕಚ್ಚಿನ ಮಹಿಮೆ ಮಾತ್ರ ಗೊತ್ತು. ಶಾಪಿನಲ್ಲಿ ಹತ್ತು ವರ್ಷ ದುಡಿದವನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಕೈಗೆ ಗೊತ್ತಿರುತ್ತದೆ, ಕಾಗದಕ್ಕೆ ಇಳಿಸಲು ಬರುವುದಿಲ್ಲ. ಕೆಲಸ ಮಾಡುತ್ತಾ ಎಂ.ಟೆಕ್ ಓದುವವನಿಗೆ ಸಿಗುವ ನಿಜವಾದ ಲಾಭ ಇದು. ಕಾಲೇಜಿನಿಂದ ನೇರ ಬಂದ ಹುಡುಗನಿಗೆ ಸಮೀಕರಣ ಮೊದಲು, ಬ್ರಾಕೆಟ್ ಆಮೇಲೆ. ನಮಗೆ ಬ್ರಾಕೆಟ್ ಮೊದಲು.

ಈಗ ದಾರಿಗಳ ವಿಚಾರ. ಇಲ್ಲಿ ಎಚ್ಚರ ತಪ್ಪಿದರೆ ಮೂರು ವರ್ಷ ನೀರಲ್ಲಿ ಹೋಮ.

ರಾಜಮಾರ್ಗ ಗೇಟ್. 3 ಗಂಟೆ, 65 ಪ್ರಶ್ನೆ, 100 ಅಂಕ. ಪಡೆದ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ. ಅದರ ಮೇಲೆ ಪೂರ್ಣಾವಧಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಉಂಟು. ಇಪ್ಪತ್ತೆರಡರ ಹುಡುಗನಿಗೆ ಅದು ಚೆನ್ನ. ಮನೆ ಬಾಡಿಗೆ, ತಂಗಿಯ ಓದು, ಬೈಕಿನ ಕಂತು ಇರುವವನು 12,400ರಲ್ಲಿ ಬದುಕುವುದು ಹೇಗೆ? ಅರೆಕಾಲಿಕ ವಿದ್ಯಾರ್ಥಿಗೆ ಅದೂ ಇಲ್ಲ.

ಎರಡನೆಯದು ಸಂಜೆಯ ಅರೆಕಾಲಿಕ ಎಂ.ಟೆಕ್. ಸಾಮಾನ್ಯವಾಗಿ ಎರಡು ವರ್ಷದ ಓದನ್ನು ಮೂರು ವರ್ಷಕ್ಕೆ ಹಂಚಿರುತ್ತಾರೆ. ಸಂಜೆ ಓದುವುದು ಬೆಂಗಳೂರಿಗೆ ಹೊಸದೇನಲ್ಲ. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ, 1964ರಲ್ಲಿ ಬಿಇಎಂಎಲ್ ಬಂದ ಮೇಲೆ ಐಟಿಐ, ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದ ಹುಡುಗರ ಒಂದು ದೊಡ್ಡ ಪಡೆಯೇ ಈ ಊರಿನಲ್ಲಿ ಬೆಳೆಯಿತು. ಹಗಲು ಲೇತಿನ ಮುಂದೆ, ಸಂಜೆ ಬೋರ್ಡಿನ ಮುಂದೆ. ಕಾಲೇಜು ಸಿಗದವರು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುತ್ತಿದ್ದ ಎಎಂಐಇ ಪರೀಕ್ಷೆಯನ್ನು ಮನೆಯಲ್ಲೇ ಓದಿ ಬರೆಯುತ್ತಿದ್ದರು. ಸೆಕ್ಷನ್ ‘ಎ’ ಮುಗಿಸಿ ಸೆಕ್ಷನ್ ‘ಬಿ’ಯಲ್ಲಿ ಹತ್ತು ವರ್ಷ ಸಿಕ್ಕಿಕೊಂಡವರೂ ಇದ್ದರು, ಅದನ್ನೇ ಏಣಿ ಮಾಡಿಕೊಂಡು ಮೇಲೇರಿದವರೂ ಇದ್ದರು. 2013ರ ಮೇ 31ರ ನಂತರ ಅದಕ್ಕೆ ಸೇರಿದವರಿಗೆ ಬಿ.ಇ.ಗೆ ಸಮಾನ ಎಂಬ ಮಾನ್ಯತೆ ಇಲ್ಲ. ಈಗಲೂ ಯಾರಾದರೂ ಹಿರಿಯರು ‘ಎಎಂಐಇ ಮಾಡಿಬಿಡು’ ಎಂದು ಸಲಹೆ ಕೊಟ್ಟರೆ ನಮಸ್ಕಾರ ಮಾಡಿ ಸುಮ್ಮನಾಗಬೇಕು.

ಮೂರನೆಯದು, ಕೆಲಸದಲ್ಲಿರುವವರಿಗೆಂದೇ ಮಾಡಿದ ಕೋರ್ಸುಗಳು. ಬಿಟ್ಸ್ ಪಿಲಾನಿ 1979ರಿಂದ ಇಂಥದ್ದನ್ನು ನಡೆಸುತ್ತಿದೆ. ನಾಲ್ಕು ಸೆಮಿಸ್ಟರ್, ಶನಿವಾರ ಭಾನುವಾರ ತರಗತಿ, ಕೊನೆಯ ಸೆಮಿಸ್ಟರಿನ ಪ್ರಬಂಧವನ್ನು ನಾವು ಕೆಲಸ ಮಾಡುವ ಜಾಗದಲ್ಲೇ ಮಾಡಬಹುದು. ಕೆಲವು ಐಐಟಿಗಳು ಕಂಪನಿಗಳು ಕಳಿಸುವ ನೌಕರರಿಗಾಗಿ ಬೇರೆಯೇ ವ್ಯವಸ್ಥೆ ಇಟ್ಟುಕೊಂಡಿವೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಹಳೆಯ ಬೆಂಗಳೂರಿಗರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಈಗಲೂ ಹಾಗೇ ಕರೆಯುತ್ತಾರೆ) ಸಂಶೋಧನೆಗೆ ಹೊರಗಿನಿಂದ ನೋಂದಾಯಿಸಿಕೊಳ್ಳುವ ಅವಕಾಶ ಇದೆ. ಆದರೆ ಅದು ಪ್ರಯೋಗಾಲಯವುಳ್ಳ ದೊಡ್ಡ ಸಂಸ್ಥೆಗಳ ಎಂಜಿನಿಯರುಗಳಿಗೆ ಸಲ್ಲುವಂಥದ್ದು. ಎಂಟು ಸಿಎನ್‌ಸಿ ಇರುವ ಶಾಪಿನ ಹುಡುಗನಿಗೆ ದೂರದ ಬೆಟ್ಟ.

ನಾಲ್ಕನೆಯ ದಾರಿಯೊಂದಿದೆ. ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ಕಾಗದದ ಮೇಲೆ ಪೂರ್ಣಾವಧಿ ಎಂ.ಟೆಕ್. ವಿಟಿಯು ನಿಯಮದಲ್ಲಿ ಹಾಜರಿ ಶೇ. 85 ಇರಬೇಕು. ಆದರೆ ‘ನೀವು ಇಂಟರ್ನಲ್ಸ್‌ಗೆ ಬಂದರೆ ಸಾಕು, ಉಳಿದಿದ್ದು ನಾವು ನೋಡಿಕೊಳ್ತೀವಿ’ ಅನ್ನುವವರು ಸಿಗುತ್ತಾರೆ. ನನಗೂ ಒಬ್ಬರು ಹೇಳಿದ್ದರು, ಕಾಫಿ ಕೊಡಿಸಿ. ನನ್ನ ಜೊತೆಯವನೊಬ್ಬ ಒಪ್ಪಿಕೊಂಡ, ಪದವಿಯೂ ಬಂತು. ಮುಂದೆ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದಾಗ ಅನುಭವ ಪತ್ರದ ತಾರೀಖೂ ಅಂಕಪಟ್ಟಿಯ ತಾರೀಖೂ ಒಂದರ ಮೇಲೊಂದು ಕೂತುಬಿಟ್ಟಿದ್ದವು. ಒಂದೇ ವರ್ಷ ಶಾಪಿನಲ್ಲೂ ಇದ್ದೆ, ಪೂರ್ತಿ ಹೊತ್ತು ಕ್ಲಾಸಿನಲ್ಲೂ ಇದ್ದೆ ಎಂದರೆ ದಾಖಲೆ ಪರಿಶೀಲಿಸುವವರು ಯಾವುದನ್ನು ನಂಬಬೇಕು? ಅವನು ಎಂ.ಟೆಕ್ ಅನ್ನು ಅರ್ಜಿಯಿಂದಲೇ ತೆಗೆಯಬೇಕಾಯಿತು.

ಅಂಚೆಯ ಮೂಲಕ ಎಂಜಿನಿಯರಿಂಗ್ ಅನ್ನುವುದು ಇನ್ನೂ ಅಪಾಯ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟು, ಎಐಸಿಟಿಇ ಒಪ್ಪಿಗೆಯಿಲ್ಲದೆ ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಬಗ್ಗೆ ತೀರ್ಪು ಕೊಟ್ಟಿತು. 2001ರಿಂದ 2005ರ ನಡುವೆ ಸೇರಿದವರಿಗೆ ಮತ್ತೆ ಪರೀಕ್ಷೆ ಬರೆದು ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು, ಆಮೇಲೆ ಸೇರಿದವರ ಪದವಿಗಳು ರದ್ದಾದವು. ಅವರಲ್ಲಿ ನಿಜಕ್ಕೂ ಓದಿದವರೂ ಇದ್ದಿರಬೇಕು. ಹಾಗಾಗಿ ಫೀಸು ಕಟ್ಟುವ ಮುಂಚೆ ಮೂರು ಕಾಗದ ಕೇಳಿ ನೋಡಬೇಕು: ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ, ಕೋರ್ಸಿಗೆ ಎಐಸಿಟಿಇ ಒಪ್ಪಿಗೆ ಅಥವಾ ಅದು ಬೇಡ ಎನ್ನುವುದಕ್ಕೆ ಆಧಾರ, ಅಂಕಪಟ್ಟಿಯಲ್ಲಿ ‘ಅರೆಕಾಲಿಕ’ ಎಂದು ಬರುತ್ತದೋ ‘ಪೂರ್ಣಾವಧಿ’ ಎಂದೋ. ಕೌಂಟರಿನಲ್ಲಿ ಕೂತವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ದಾರಿ ಸಿಕ್ಕಿತು ಅನ್ನಿ. ಹೊತ್ತು ಎಲ್ಲಿಂದ ತರುವುದು? ವಾರಕ್ಕೆ 168 ಗಂಟೆ. ಕಾರ್ಖಾನೆಯ 48 ಕಳೆಯಿರಿ. ಓಡಾಟಕ್ಕೆ 12. ನಿದ್ದೆಗೆ ದಿನಕ್ಕೆ 7ರಂತೆ 49. ಲೆಕ್ಕದಲ್ಲಿ 59 ಗಂಟೆ ಉಳಿಯುತ್ತದೆ. ಆಹಾ ಎಷ್ಟೊಂದು ಅನ್ನಿಸುತ್ತದೆ. ಸ್ನಾನ, ಊಟ, ರೇಷನ್ನು, ಅಪ್ಪನ ಬಿಪಿ ಮಾತ್ರೆ, ಮಗುವಿನ ಜ್ವರ, ತಿಂಗಳ ಕೊನೆಯ ಡಿಸ್‌ಪ್ಯಾಚಿನ ಓಟಿ, ಇವೆಲ್ಲ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು 15. ಅದೂ ಒಟ್ಟಿಗೆ ಸಿಗುವುದಿಲ್ಲ, ಚಿಲ್ಲರೆ ಚಿಲ್ಲರೆಯಾಗಿ ಸಿಗುತ್ತದೆ. ಮೆಟ್ರೋದಲ್ಲಿ ಇಪ್ಪತ್ತು ನಿಮಿಷ, ಕ್ಯಾಂಟೀನಿನಲ್ಲಿ ಹದಿನೈದು.

ಶಿಫ್ಟಿನವರ ಪಾಡು ಇನ್ನೂ ಬೇರೆ. ಫಸ್ಟ್ ಶಿಫ್ಟ್ 6ರಿಂದ 2, ಸೆಕೆಂಡ್ ಶಿಫ್ಟ್ 2ರಿಂದ 10. ಸಂಜೆ ಆರರ ಕ್ಲಾಸಿಗೂ ಸೆಕೆಂಡ್ ಶಿಫ್ಟಿಗೂ ಹುಟ್ಟಾ ಜಗಳ. ಡ್ರಾಯಿಂಗಿನ ಜೊತೆಗೆ ಮೆಷಿನ್ನಿನ ಶಿಫ್ಟೂ ನನ್ನ ಪಾಲಿಗಿತ್ತು. ಮೂರು ವರ್ಷ ನನ್ನ ಸೆಕೆಂಡ್ ಶಿಫ್ಟುಗಳನ್ನು ಯಾರ್‍ಯಾರೋ ಹೊತ್ತರು. ಒಬ್ಬರಿಗೆ ನಾನು ನೈಟ್ ಶಿಫ್ಟ್ ಮಾಡಿ ತೀರಿಸಿದೆ. ಇನ್ನೊಬ್ಬರಿಗೆ ಅವರ ಮಗನಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಟ್ಟು ತೀರಿಸಿದೆ. ಮತ್ತೊಬ್ಬರು ‘ಏನೂ ಬೇಡ ಕಣೋ, ಓದು’ ಅಂದರು, ಅವರ ಸಾಲ ಹಾಗೇ ಉಳಿದಿದೆ. ರಿಲೀವರ್ ಬರದ ದಿನ ಮಾತ್ರ ಯಾವ ಲೆಕ್ಕವೂ ನಡೆಯುತ್ತಿರಲಿಲ್ಲ. ಮೆಷಿನ್ ಬಿಟ್ಟು ಹೋಗುವ ಹಾಗಿಲ್ಲ. ಆಚೆ ಮಲ್ಲೇಶ್ವರದ ಕ್ಲಾಸಿನಲ್ಲಿ ಅಟೆಂಡೆನ್ಸ್ ಕೂಗುತ್ತಿರುತ್ತಾರೆ, ಈಚೆ ನಾನು ಎಣ್ಣೆ ಕೈಯಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತೇನೆ.

ಮನೆಯ ಕಡೆಯದ್ದೂ ಹೇಳಬೇಕು, ಇಲ್ಲದಿದ್ದರೆ ಈ ಬರಹ ಗಂಡಸರ ಗೊಣಗಾಟವಾಗಿಬಿಡುತ್ತದೆ. ಗಂಡ ಓದುವ ಮನೆಯಲ್ಲಿ ಹೆಂಡತಿಗೆ ಎರಡು ಪಾಲು ಕೆಲಸ. ಪರೀಕ್ಷೆಗಳು ಲಗ್ನದ ದಿನಗಳಲ್ಲೇ ಬರುತ್ತವೆ, ಊರಿಗೆ ಹೋದವಳು ‘ಅವರಿಗೆ ಪರೀಕ್ಷೆ’ ಎಂದು ಮೂವತ್ತು ದಾಟಿದ ಗಂಡನ ಬಗ್ಗೆ ನೂರು ಜನಕ್ಕೆ ಹೇಳಬೇಕು. ಕೆಲಸಕ್ಕೂ ಹೋಗಿ ಎಂ.ಟೆಕ್ ಕೂಡ ಓದುವ ಹೆಣ್ಣುಮಕ್ಕಳಿಗೆ ಆ ಹೆಚ್ಚಿನ ಪಾಲು ಮಾಡಿಕೊಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಇದ್ದವರು ಇಬ್ಬರು. ಒಬ್ಬರು ನಮಗೆಲ್ಲ ಮೊದಲು ಮುಗಿಸಿದರು. ಇನ್ನೊಬ್ಬರು ಎರಡನೇ ಸೆಮಿಸ್ಟರಿನ ಮೇಲೆ ಬರಲಿಲ್ಲ.

ನನಗೆ ಎಡೆಬಿಡದೆ ಓದಲು ಸಿಗುತ್ತಿದ್ದುದು ಆಯುಧಪೂಜೆಯ ರಜೆಯಲ್ಲಿ. ಮೆಷಿನ್ನುಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ಸ್ವೀಟು ಹಂಚಿ ಶಟರ್ ಎಳೆದರೆ ಪೀಣ್ಯಕ್ಕೆ ಪೀಣ್ಯವೇ ಬಾಯಿ ಮುಚ್ಚುತ್ತದೆ. ಪವರ್ ಪ್ರೆಸ್ಸಿನ ಧಡ್ ಧಡ್ ಇಲ್ಲದ ಆ ಎರಡು ದಿನ ನಾನು ಎಲಾಸ್ಟಿಸಿಟಿ ಪುಸ್ತಕ ಹಿಡಿದು ಖಾಲಿ ಆಫೀಸಿನಲ್ಲಿ ಕೂರುತ್ತಿದ್ದೆ.

ಜನ ಕೈಬಿಡುವುದು ಎಲ್ಲಿ ಗೊತ್ತೆ? ಮೊದಲ ಸೆಮಿಸ್ಟರಿನ ಗಣಿತದಲ್ಲಿ. ಮ್ಯಾಟ್ರಿಕ್ಸು, ಐಗನ್ ವ್ಯಾಲ್ಯೂ, ಟೆನ್ಸರು. ಬಿ.ಇ. ಮುಗಿಸಿ ಐದಾರು ವರ್ಷವಾದವನಿಗೆ ಇಂಟಿಗ್ರೇಷನ್ನೇ ಮರೆತಿರುತ್ತದೆ. ಮುಂದಿನ ಬೆಂಚಿನಲ್ಲಿ ಗೇಟ್ ಬರೆದು ಬಂದ ಹುಡುಗ ಚಕಚಕನೆ ಬಿಡಿಸುವುದನ್ನು ನೋಡಿದರೆ ಎದ್ದು ಹೋಗೋಣ ಅನ್ನಿಸುತ್ತದೆ. ನನ್ನನ್ನು ಉಳಿಸಿದ್ದು ಒಂದು ಬೋರಿಂಗ್ ಬಾರ್. ಆಳವಾದ ತೂತು ಕೊರೆಯಲು ಬಾರನ್ನು ಉದ್ದಕ್ಕೆ ಚಾಚಿ ಹಿಡಿದರೆ ಅದು ‘ಕುಂಯ್’ ಎಂದು ಕಿರುಚುತ್ತದೆ, ಜಾಬಿನ ಮೇಲೆ ಅಲೆ ಅಲೆ ಗೆರೆ ಬೀಳುತ್ತದೆ. ಚ್ಯಾಟರ್ ಅನ್ನುತ್ತೇವೆ. ಉಕ್ಕಿನ ಬಾರನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಚಾಚಬೇಡ ಅನ್ನುವುದು ಟರ್ನರುಗಳ ಮಾತು. ಚಾಚು ಎರಡು ಪಟ್ಟಾದರೆ ಅದೇ ಬಲಕ್ಕೆ ಬಾಗುವುದು ಎಂಟು ಪಟ್ಟು, ಇಷ್ಟು ಬಿ.ಇ.ಯಲ್ಲೇ ಬರುತ್ತದೆ. ಆದರೆ ಆ ಕಿರುಚಾಟದ ಶ್ರುತಿ ಯಾಕೆ ಅದೇ? ಫೀಡ್ ಬದಲಿಸಿದರೂ ಹೆಚ್ಚುಕಡಿಮೆ ಅದೇ ಶ್ರುತಿ ಯಾಕೆ? ಅದು ಬಾರಿನ ಸ್ವಂತ ಶ್ರುತಿ, ಅದರ ಬಿಗುವೂ ತೂಕವೂ ಸೇರಿ ಗೊತ್ತುಮಾಡಿದ್ದು. ಆ ಎರಡನ್ನೂ ಮ್ಯಾಟ್ರಿಕ್ಸಾಗಿ ಬರೆದರೆ ಹೊರಬೀಳುವ ಐಗನ್ ವ್ಯಾಲ್ಯೂ ಅದೇ ಶ್ರುತಿಯ ಲೆಕ್ಕ. ನಾನು ಐದು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಮೇಷ್ಟ್ರು ಕಾಗದದಲ್ಲಿ ಕೇಳಿಸುತ್ತಿದ್ದಾರೆ ಎಂದು ಹೊಳೆದ ದಿನ ಹೆದರಿಕೆ ಹೋಯಿತು. ಅಂಕ ಹೆಚ್ಚು ಬರಲಿಲ್ಲ. ಅದು ಬೇರೆ ವಿಷಯ.

ತಾಳಿಕೆ ಇದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಲು ಈಗ ಒಂದು ಅಗ್ಗದ ಉಪಾಯ ಇದೆ. ನಮ್ಮ ಕಾಲಕ್ಕೆ ಇರಲಿಲ್ಲ. ಐಐಟಿಗಳೂ ಟಾಟಾ ಇನ್‌ಸ್ಟಿಟ್ಯೂಟೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಎಂ.ಟೆಕ್ ಮಟ್ಟದ 12 ವಾರದ ಕೋರ್ಸುಗಳಿವೆ. ಪಾಠ ಪುಕ್ಕಟೆ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುವುದಕ್ಕೆ ಮಾತ್ರ ಸಣ್ಣ ಶುಲ್ಕ. ಫೈನೈಟ್ ಎಲಿಮೆಂಟೋ ವೈಬ್ರೇಷನ್ನೋ, ಯಾವುದಾದರೂ ಒಂದನ್ನು ಹಿಡಿದು, ಕೆಲಸ ಮಾಡುತ್ತಲೇ, ಒಂದು ವಾರವೂ ಅಸೈನ್‌ಮೆಂಟ್ ತಪ್ಪಿಸದೆ ಮುಗಿಸಿ ನೋಡಿ. ಹನ್ನೆರಡು ವಾರ ಎಳೆಯಲಾಗದವರು ಮೂರು ವರ್ಷದ ಫೀಸು ಕಟ್ಟಬಾರದು. ಹುಡುಗನಿಗೆ ಫೋನಿನಲ್ಲಿ ನಾನು ಖಚಿತವಾಗಿ ಹೇಳಿದ್ದು ಇದೊಂದೇ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕಂಪನಿ ಫೀಸು ಕೊಟ್ಟರೆ ಸಂತೋಷ, ಆದರೆ ಅದರ ಬೆನ್ನಿಗೇ ಬಾಂಡ್ ಬರುತ್ತದೆ: ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ, ಹೋದರೆ ಇಷ್ಟು ಕಟ್ಟಬೇಕು. ‘ಬಾಂಡೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡಿ’ ಅನ್ನುವವರ ಮಾತು ಕೇಳಬೇಡಿ. 2025ರ ಮೇ ತಿಂಗಳಲ್ಲಿ ನಮ್ಮ ಮಂಗಳೂರು ಮೂಲದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, 3 ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಕರಾರನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಸ್ವಂತ ಸಾಲ ಮಾಡಿ ಓದುವವರಿಗೆ ಬಡ್ಡಿಯ ಮೇಲೆ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಅಮೆರಿಕದಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಕಂಪನಿ ಕೊಡುವ ಓದಿನ ಖರ್ಚಿನಲ್ಲಿ ವರ್ಷಕ್ಕೆ 5,250 ಡಾಲರಿನವರೆಗೆ ನೌಕರನ ಮೇಲೆ ತೆರಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲಿಂದ ಬಂದ ಬಾವಮೈದುನ ‘ಎಂ.ಎಸ್. ಮಾಡ್ಕೊಳ್ಳೋದು ಸುಲಭ ಬಾವ’ ಅಂದರೆ ಅವನ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ.

ಪದವಿ ಬಂದ ಕೂಡಲೇ ಸಂಬಳ ಏರುತ್ತದೆಯೇ? ಖಾಸಗಿ ಶಾಪುಗಳಲ್ಲಿ ಏರುವುದು ಅಪರೂಪ. ನನಗೆ ಒಂದು ಸ್ವೀಟ್ ಬಾಕ್ಸ್ ಕೊಟ್ಟರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು, ಅಲ್ಲಿ ಅದೊಂದು ಬಾಗಿಲು. ವಿನ್ಯಾಸ, ವಿಶ್ಲೇಷಣೆ ಮಾಡುವ ದೊಡ್ಡ ಕಂಪನಿಗಳ ಆರ್ ಅಂಡ್ ಡಿ ವಿಭಾಗಗಳಲ್ಲೂ ಎಂ.ಟೆಕ್ ಇದ್ದವನ ಅರ್ಜಿಯನ್ನು ಒಂದು ಸಲವಾದರೂ ತೆರೆದು ನೋಡುತ್ತಾರೆ. ಇನ್ಕ್ರಿಮೆಂಟ್ ಒಂದಕ್ಕಾಗಿಯೇ ಓದುವುದಾದರೆ ಅದೇ ಮೂರು ವರ್ಷದ ಓಟಿ ಹೆಚ್ಚು ತರುತ್ತದೆ.

ಇನ್ನು ಪ್ರಬಂಧ. ಕೆಲಸದಲ್ಲಿರುವವನು ಮೇಲುಗೈ ಸಾಧಿಸಬೇಕಾದ ಜಾಗ ಇದು, ಸಾಮಾನ್ಯವಾಗಿ ಕಳೆದುಕೊಳ್ಳುವ ಜಾಗವೂ ಇದೇ. ನಮ್ಮ ಕಾಲೇಜುಗಳಲ್ಲಿ ಒಂದು ಸಿದ್ಧ ಅಡುಗೆ ಇದೆ. ಇಎನ್ 8 ಉಕ್ಕೋ 6061 ಅಲ್ಯೂಮಿನಿಯಮ್ಮೋ ತಗೊ, ಸ್ಪೀಡು ಫೀಡು ಡೆಪ್ತ್ ಆಫ್ ಕಟ್ಟು ಮೂರು ಮೂರು ಮಟ್ಟ ಇಡು, ಟಗೂಚಿ ಎಲ್ 9 ಕೋಷ್ಟಕದಂತೆ ಒಂಬತ್ತು ತುಂಡು ಟರ್ನಿಂಗ್ ಮಾಡು, ಸರ್ಫೇಸ್ ರಫ್‌ನೆಸ್ ಅಳೆ, ಬೈಂಡಿಂಗ್ ಮಾಡಿಸು. ಟಗೂಚಿಯ ವಿಧಾನ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ನಾಲ್ಕು ಅಂಶ, ಒಂದೊಂದಕ್ಕೂ ಮೂರು ಮಟ್ಟ, ಎಲ್ಲ ಜೋಡಿಯನ್ನೂ ನೋಡಬೇಕಾದರೆ 81 ಪ್ರಯೋಗ. ಅದನ್ನು 9ಕ್ಕೆ ಇಳಿಸುವುದು ಜಾಣತನವೇ. ಆದರೆ ಫೀಡ್ ಹೆಚ್ಚಿದರೆ ಮೇಲ್ಮೈ ಒರಟಾಗುತ್ತದೆ ಎಂದು ಸಾಬೀತು ಮಾಡಲು ಎರಡು ವರ್ಷ ಯಾಕೆ? ನಮ್ಮ ಶಾಪಿನ ಹೆಲ್ಪರನ್ನು ಕೇಳಿದ್ದರೆ ಟೀ ಕುಡಿಯುವಷ್ಟರಲ್ಲಿ ಹೇಳುತ್ತಿದ್ದ.

ಅದೇ ಶಾಪಿನಲ್ಲಿ ಟೂಲ್ ಬದಲಿಸಿದ ದಿನ, ಹೊತ್ತು, ಎಷ್ಟನೇ ಜಾಬಿಗೆ ಎಂದು ಬರೆದಿಟ್ಟ ರಿಜಿಸ್ಟರು ಇರುತ್ತದೆ. ಆಪರೇಟರು ಅದನ್ನು ಬೈಗುಳದ ಭಯಕ್ಕೆ ಬರೆದಿರುತ್ತಾನೆ. ಒಂದೇ ಟೂಲು ಒಮ್ಮೆ 200 ಜಾಬ್, ಇನ್ನೊಮ್ಮೆ 90 ಜಾಬ್ ಯಾಕೆ ಬಂತು? ಕಚ್ಚಾ ಮಾಲಿನ ಗಡಸೇ, ಕೂಲೆಂಟೇ, ನೈಟ್ ಶಿಫ್ಟಿನ ವೋಲ್ಟೇಜೇ? ಕಾಲೇಜಿನ ಲ್ಯಾಬಿನಲ್ಲಿ ಯಾರಿಗೂ ಸಿಗದ ವರ್ಷಗಟ್ಟಲೆಯ ಪ್ರಯೋಗ ಅದು, ಯಾರೋ ಪುಕ್ಕಟೆ ಮಾಡಿಕೊಟ್ಟಿದ್ದಾರೆ. ಆದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಮೊದಲೇ ಪಡೆಯಬೇಕು. ಗಿರಾಕಿಯ ಡ್ರಾಯಿಂಗನ್ನು ಹಾಗೇ ಪ್ರಬಂಧಕ್ಕೆ ಅಂಟಿಸಿ, ವೈವಾಕ್ಕೆ ಒಂದು ವಾರ ಇರುವಾಗ ಪುಟಗಳನ್ನು ಕೀಳಬೇಕಾಗಿ ಬಂದವನನ್ನು ನಾನು ಕಂಡಿದ್ದೇನೆ. ಟೈಟಲ್ ಬ್ಲಾಕು, ಪಾರ್ಟ್ ನಂಬರು, ಗಿರಾಕಿಯ ಹೆಸರು ತೆಗೆದು, ಅಳತೆಗಳನ್ನು ಅನುಪಾತವಾಗಿ ಬರೆದರೆ ವಿಜ್ಞಾನ ಏನೂ ಕಡಿಮೆಯಾಗುವುದಿಲ್ಲ.

ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ಆ ಹುಡುಗನಿಂದ ವಾಟ್ಸ್ಯಾಪ್ ಬಂತು. ಎಂ.ಟೆಕ್ ವಿಚಾರ ಒಂದಕ್ಷರ ಇಲ್ಲ. ಮುರಿದ ಶಾಫ್ಟೊಂದರ ಫೋಟೋ. ಕೀವೇ ಮೂಲೆಯ ಹತ್ತಿರದಿಂದ ಹೊರಟು, ಕೊಳದ ನೀರು ಇಳಿದಂತೆಲ್ಲ ದಡದಲ್ಲಿ ಉಳಿಯುವ ಗೆರೆಗಳ ಹಾಗೆ, ಒಂದರಾಚೆ ಒಂದು ಕಮಾನು. ಕೊನೆಯಲ್ಲಿ ಸ್ವಲ್ಪ ಜಾಗ ಮಾತ್ರ ಒರಟು ಒರಟು. ‘ಸಾರ್, ಈ ವರ್ಷ ಮೂರನೇದು. ಮೂರೂ ಇಲ್ಲೇ ಮುರಿದಿದೆ. ಸೂಪರ್‌ವೈಸರ್ ಮೆಟೀರಿಯಲ್ ಸರಿ ಇಲ್ಲ ಅಂತಾರೆ. ನಂಗ್ಯಾಕೋ ಅದಲ್ಲ ಅನ್ಸುತ್ತೆ. ಈ ಗೆರೆ ಏನು ಸಾರ್?’

ಆಗ ರಾತ್ರಿ ಹತ್ತೂವರೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿರಬೇಕು. ಬರೆದೆ: ‘ಬೆಳಕು ಓರೆಯಾಗಿ ಬೀಳೋ ಹಾಗೆ ಹಿಡಿದು, ಇನ್ನೂ ಹತ್ತಿರದಿಂದ ಒಂದು ಫೋಟೋ ತೆಗಿ. ಮುರಿದ ಎರಡೂ ಮುಖಾನ ಒಂದಕ್ಕೊಂದು ಜೋಡಿಸಿ ನೋಡಬೇಡ, ಗೆರೆ ಅಳಿಸಿಹೋಗುತ್ತೆ. ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿ ಇಡು. ಹಳೆಯ ಎರಡೂ ಸ್ಕ್ರ್ಯಾಪಿಗೆ ಹೋಗಿಲ್ಲ ತಾನೆ?’